ಅಜ್ಜ ಹ್ಯಾಸ್ ಗಾನ್

ನಾನು ಇಂಗ್ಲಿಷ್ ಕಲಿತದ್ದು ಐದನೇ ಕ್ಲಾಸಿನಿಂದ, ಕನ್ನಡ ಮೀಡಿಯಮ್ಮಿನಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ಹೀ ಅಂದರೆ ಅವನು, ಶೀ ಅಂದರೆ ಅವಳು, ದೇ ಅಂದರೆ ಅವರು ಎಂದು ಬರೆದರು. ಅಲ್ಲೇ ಎಡವಟ್ಟು ಶುರುವಾಯಿತು. ನಮ್ಮಜ್ಜನನ್ನು ‘ಅವನು’ ಅಂದರೆ ಅಮ್ಮ ಸೌಟು ತಗೊಂಡು ಬರುತ್ತಿದ್ದಳು. ಹಾಗಾಗಿ ನನ್ನ ಇಂಗ್ಲಿಷಿನಲ್ಲಿ ಅಜ್ಜ ಯಾವತ್ತೂ ‘ದೇ’. ಒಬ್ಬರೇ ಇದ್ದರೂ ದೇ.

ಇಂಗ್ಲಿಷಿನವರೂ ಹಿಂದೆ ಮರ್ಯಾದಸ್ಥರೇ. ಅವರಲ್ಲಿ ‘ನೀನು’ ಅನ್ನೋಕೆ ದೌ, ‘ನೀವು’ ಅನ್ನೋಕೆ ಯು ಇತ್ತಂತೆ. 17ನೇ ಶತಮಾನದಲ್ಲಿ ದೌ ಹೆಚ್ಚುಕಡಿಮೆ ಮೂಲೆ ಸೇರಿತು. ಈಗ ರಾಣಿಗೂ ಯು, ರಾಣಿಯ ನಾಯಿಗೂ ಯು. ಇನ್ನು ಒಬ್ಬರನ್ನೇ ಮರ್ಯಾದೆಯಿಂದ ‘ಅವರು’ ಅನ್ನೋದಕ್ಕೆ ಅವರ ಹತ್ತಿರ ಯಾವ ಏರ್ಪಾಡೂ ಇಲ್ಲ. ಅಜ್ಜನೂ ಹೀ, ಅಜ್ಜನ ಜೇಬು ಕತ್ತರಿಸಿದವನೂ ಹೀ.

ಎರಡನೇ ಕಂಟಕ ‘ಹ್ಯಾವ್’. ನಮಗೆ ಕಾಲದ ವಿಷಯದಲ್ಲಿ ಅಷ್ಟೊಂದು ಮಡಿ ಇಲ್ಲ, ಅಲ್ವಾ? ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ನಿಂತು ‘ಇಗೋ ಬಂದೆ’ ಅನ್ನುತ್ತೇವೆ. ಇನ್ನೂ ಹೊರಟೇ ಇರುವುದಿಲ್ಲ, ಆಗಲೇ ಭೂತಕಾಲ! ನಾನೊಮ್ಮೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋನಿನಲ್ಲಿ ‘ಐ ಕೇಮ್, ಐ ಕೇಮ್’ ಅಂದಿದ್ದೆ. ಆಚೆಯವರು ಮೀಟಿಂಗ್ ರೂಮಿನ ಬಾಗಿಲು ತೆಗೆದು ನೋಡಿದರಂತೆ.

ಹಾಗೆಯೇ ‘ಹೋದ ವಾರ ಕಾಶಿಗೆ ಹೋಗಿದ್ದಾರೆ’ ಅನ್ನುವುದರಲ್ಲಿ ನಮಗೆ ಏನೂ ತಪ್ಪು ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಹ್ಯಾಸ್ ಗಾನ್’ ಅಂದಮೇಲೆ ಯಾವಾಗ ಹೋದರು ಅಂತ ತಾರೀಕು ಹಾಕುವ ಹಾಗಿಲ್ಲ. ‘ಹೋದ ವಾರ’ ಬೇಕೇ ಬೇಕು ಅಂದರೆ ‘ವೆಂಟ್’ ಅನ್ನಬೇಕು. ಹೋಗಿ ವಾಪಸ್ ಬಂದಿದ್ದರೆ ‘ಹ್ಯಾಸ್ ಬೀನ್’. ‘ಹ್ಯಾಸ್ ಗಾನ್’ ಅಂದರೆ ಆಸಾಮಿ ಇನ್ನೂ ಬಂದಿಲ್ಲ ಅಂತ ಅರ್ಥ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ನಮ್ಮಜ್ಜ ಭಜನಾ ಮಂಡಳಿಯವರ ಜೊತೆ ಕಾಶಿಗೆ ಹೋಗಿದ್ದರು. ವಾಪಸ್ ಬರುವ ದಿನ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬರಬೇಕಿತ್ತು. ಹಿಂದಿನ ದಿನ ಮ್ಯಾನೇಜರಿಗೆ ಮೆಸೇಜ್ ಹಾಕಿದೆ: ‘ಮೈ ಗ್ರ್ಯಾಂಡ್‌ಫಾದರ್ ಹ್ಯಾಸ್ ಗಾನ್ ಟು ಕಾಶಿ ಲಾಸ್ಟ್ ವೀಕ್. ದೇ ಆರ್ ಕಮಿಂಗ್ ಟುಮಾರೋ. ಪ್ಲೀಸ್ ಗಿವ್ ಲೀವ್.’

ಮ್ಯಾನೇಜರು ಬಂಗಾಳಿ. ಅವರ ಭಾಷೆಯ ಸರ್ವನಾಮದಲ್ಲಿ ಅವನು-ಅವಳು ಎಂಬ ಭೇದವೇ ಇಲ್ಲ. ಹಾಗಾಗಿ ಅವಸರದಲ್ಲಿ ಹೀ, ಶೀ ಎರಡನ್ನೂ ಕೈಗೆ ಸಿಕ್ಕಹಾಗೆ ಎಸೆಯುತ್ತಿದ್ದರು. ಉತ್ತರ ಬಂತು: ‘ಸೋ ಸಾರಿ. ಟೇಕ್ ತ್ರೀ ಡೇಸ್. ಹೌ ಓಲ್ಡ್ ವಾಸ್ ಶೀ?’

ಒಂದು ದಿನ ಕೇಳಿದರೆ ಮೂರು ದಿನ! ಆ ಖುಷಿಯಲ್ಲಿ ‘ಸಾರಿ’ಯೂ ಕಾಣಲಿಲ್ಲ, ‘ವಾಸ್’ ಕೂಡ ಕಾಣಲಿಲ್ಲ. ‘ಶೀ’ ಮಾಮೂಲಿ ಅಂತ ಬಿಟ್ಟೆ. ‘ಎಯ್ಟಿ ಟೂ ಸರ್. ದೇ ಆರ್ ವೆರಿ ಹ್ಯಾಪಿ’ ಎಂದು ಬರೆದೆ. ‘ಯೆಸ್, ಇನ್ ಕಾಶಿ’ ಎಂದು ಅವರು ಕೈಮುಗಿದ ಚಿತ್ರ ಹಾಕಿದರು. ಎಷ್ಟು ದೈವಭಕ್ತರು ಅಂದುಕೊಂಡೆ.

ಅಜ್ಜ ಬಂದ ಮಾರನೇ ದಿನ ಸಂಜೆ ಕರೆಗಂಟೆ ಬಾರಿಸಿತು. ಬಾಗಿಲು ತೆಗೆದವರು ಅಜ್ಜನೇ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಗಂಗೆಯ ಗಿಂಡಿ. ಹೊರಗೆ ಮ್ಯಾನೇಜರು, ಹಿಂದೆ ನಮ್ಮ ಆಫೀಸಿನ ನಾಲ್ಕು ಜನ. ಎಲ್ಲರ ಮುಖವೂ ಬಾಡಿದೆ. ಮ್ಯಾನೇಜರ ಕೈಯಲ್ಲಿ ಮಾರುದ್ದದ ಸುಗಂಧರಾಜದ ಹಾರ.

ಅಜ್ಜನಿಗೆ ಅನುಮಾನವೇ ಬರಲಿಲ್ಲ. ಕಾಶಿಯಾತ್ರೆ ಮುಗಿಸಿ ಬಂದವರಿಗೆ ಹಾರ ಹಾಕದೆ ಇನ್ಯಾರಿಗೆ ಹಾಕುತ್ತಾರೆ? ‘ಅಯ್ಯೋ, ಇದಕ್ಕೆಲ್ಲ ಯಾಕೆ ಸುಮ್ನೆ ದುಡ್ಡು ಖರ್ಚು ಮಾಡಿದ್ರಿ’ ಅನ್ನುತ್ತಲೇ ಕತ್ತು ಬಗ್ಗಿಸಿದರು. ಬಗ್ಗಿದ ಕತ್ತನ್ನು ಕಾಯಿಸುವುದು ಹೇಗೆ? ಮ್ಯಾನೇಜರು ಹಾಕಿಯೇಬಿಟ್ಟರು. ಅಜ್ಜ ಎಲ್ಲರ ಅಂಗೈಗೂ ಒಂದೊಂದು ಉದ್ಧರಣೆ ಗಂಗೆ ಹಾಕಿ, ಕಾಫಿಗೆ ಹೇಳಲು ಒಳಗೆ ಹೋದರು. ಹಾರ ಮೊಣಕಾಲಿಗೆ ತಾಗುತ್ತಿತ್ತು.

ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಎಳೆದರು. ‘ದೆನ್ ಹೂ ಹ್ಯಾಸ್ ಗಾನ್?’ ಎಂದು ಪಿಸುಗುಟ್ಟಿದರು.

‘ನೋಬಡಿ ಸರ್,’ ಅಂದೆ. ‘ದೇ ಹ್ಯಾವ್ ಕಮ್ ಯೆಸ್ಟರ್‌ಡೇ.’