ಎದೆಯೊಳಗಿನ ಪ್ರೆಷರ್ ಲೆಕ್ಕಕ್ಕೆ ಬೇಲಿ ಹಾಕಬೇಡಿ

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದ ಹುಡುಗ. ಈಗ ಇಬ್ಬರು ಗೆಳೆಯರ ಜೊತೆ ಸೇರಿ ಎದೆಗೆ ಕಟ್ಟುವ ಒಂದು ಪಟ್ಟಿ ತಯಾರು ಮಾಡುತ್ತಿದ್ದಾನೆ. ಅದು ಹೃದಯದ ಸದ್ದು ಹಿಡಿದು, ಒಳಗಿನ ಪ್ರೆಷರ್ ಎಷ್ಟಿರಬಹುದು ಎಂದು ಲೆಕ್ಕ ಹಾಕಿ ಹೇಳಬೇಕು. ಊಟಕ್ಕೆ ಕೂತಾಗ ಹೇಳಿದ, "ಚಿಕ್ಕಮ್ಮ, ಪೇಟೆಂಟ್ ಮಾಡಿಸುವ ಅಂತ ಉಂಟು."

ಪೇಟೆಂಟ್ ಎಂದರೆ ಅವನ ಅನುಮತಿ ಇಲ್ಲದೆ ಬೇರೆಯವರು ಬಳಸುವ ಹಾಗಿಲ್ಲ ಎಂಬ ಹಕ್ಕು. ಪಟ್ಟಿಗಾ, ಲೆಕ್ಕಕ್ಕಾ ಎಂದು ಕೇಳಿದೆ.

"ಲೆಕ್ಕಕ್ಕೆ. ಪಟ್ಟಿ ಯಾರು ಬೇಕಾದ್ರೂ ಮಾಡ್ತಾರೆ. ಎಲ್ಲಾ ಇರೋದು ಲೆಕ್ಕದಲ್ಲೇ."

ಅವತ್ತು ಅವನಿಗೆ ಸರಿಯಾಗಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆಮೇಲೆ ತುಂಬಾ ದಿನ ಅದೇ ತಲೆಯಲ್ಲಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹದಿನೇಳು ವರ್ಷದಿಂದ ಮಂಗಳೂರಿನಲ್ಲಿ ಎಕೋ ಟೆಕ್ನಿಷಿಯನ್. ಎಕೋ ಎಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ನಾನು ಅಳತೆ ತೆಗೆಯುತ್ತೇನೆ, ಡಾಕ್ಟರ್ ನೋಡಿ ರಿಪೋರ್ಟಿಗೆ ಸಹಿ ಹಾಕುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿ ಬೇರೆ, ಹೃದಯದ ಬಲಭಾಗದಿಂದ ಶ್ವಾಸಕೋಶದ ಕಡೆಗೆ ಇರುವ ಪ್ರೆಷರ್ ಬೇರೆ. ಎರಡನೆಯದನ್ನು ನೇರವಾಗಿ ಅಳೆಯಬೇಕಾದರೆ ರಕ್ತನಾಳದ ಮೂಲಕ ಹೃದಯದ ಒಳಗೆ ಕೆಥೆಟರ್ ಎಂಬ ತೆಳ್ಳಗಿನ ನಳಿಕೆ ಹಾಕಬೇಕು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ಡಾಕ್ಟರ್ ತನ್ನ ತೋಳಿಗೆ ತಾನೇ ಅಂಥದ್ದನ್ನು ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದು ಹೋಗಿದ್ದರು. 1956ರಲ್ಲಿ ಆ ದಾರಿಗೆ ನೊಬೆಲ್ ಕೂಡ ಬಂತು. ಆದರೆ ಉಬ್ಬಸ ಎಂದು ಬಂದವರಿಗೆಲ್ಲ ಕೆಥೆಟರ್ ಹಾಕಲು ಆಗುತ್ತದಾ? ಅದಕ್ಕೇ ನಮಗೆ ಲೆಕ್ಕ ಬೇಕು.

ಅಡಿಕೆ ತೋಟಕ್ಕೆ ನೀರು ಬಿಟ್ಟವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತದೆ. ಎಷ್ಟು ಜೋರಾಗಿ ಹಾರಿತು ಎಂದು ನೋಡಿ ಒಳಗಿನ ಒತ್ತಡ ಹೇಳಬಹುದು. ಗಣಿತಜ್ಞ ಬರ್ನೌಲಿ 1738ರಲ್ಲೇ ಇದರ ಗಣಿತ ಅಚ್ಚು ಮಾಡಿಸಿದ್ದರು. ಹೃದಯದ ಬಲಗಡೆಯ ಎರಡು ಕೋಣೆಗಳ ನಡುವಿನ ಕವಾಟದಲ್ಲಿ ತುಂಬಾ ಜನರಿಗೆ ಸ್ವಲ್ಪ ಲೀಕ್ ಇರುತ್ತದೆ. ಆ ಲೀಕಿನ ರಕ್ತ ಸೆಕೆಂಡಿಗೆ ಎಷ್ಟು ಮೀಟರ್ ವೇಗದಲ್ಲಿ ಚಿಮ್ಮುತ್ತದೆ ಎಂದು ಡಾಪ್ಲರ್‌ನಲ್ಲಿ, ಅಂದರೆ ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡಿನಲ್ಲಿ, ನೋಡುತ್ತೇವೆ. ಆ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಿದರೆ ಎರಡು ಕೋಣೆಗಳ ನಡುವಿನ ಪ್ರೆಷರ್ ವ್ಯತ್ಯಾಸ ಪಾದರಸದ ಮಿಲಿಮೀಟರಿನಲ್ಲಿ ಸಿಗುತ್ತದೆ. ಅದಕ್ಕೆ ಮೇಲಿನ ಕೋಣೆಯ ಪ್ರೆಷರ್ ಕೂಡಿಸಬೇಕು. ಹೊಟ್ಟೆಯ ಕಡೆಯಿಂದ ಬರುವ ದೊಡ್ಡ ರಕ್ತನಾಳದ ಅಗಲ ನೋಡಿ, ಉಸಿರು ಎಳೆದಾಗ ಅದು ಎಷ್ಟು ಕುಗ್ಗುತ್ತದೆ ಎಂದು ನೋಡಿ, ಅದನ್ನು 3, 8 ಅಥವಾ 15 ಎಂದು ಅಂದಾಜು ಮಾಡುತ್ತೇವೆ.

ಈ 4 ಎಲ್ಲಿಂದ ಬಂತು ಗೊತ್ತಾ? ರಕ್ತದ ಸಾಂದ್ರತೆ ಘನ ಮೀಟರಿಗೆ ಸುಮಾರು 1060 ಕಿಲೋ. ಅದರ ಅರ್ಧ 530. ಪಾದರಸದ ಮಿಲಿಮೀಟರಿಗೆ ತರಲು 133ರಿಂದ ಭಾಗಿಸಿ. ಹತ್ತಿರ ಹತ್ತಿರ 4. ರಕ್ತದ ತೂಕವೇ ಆ ಸಂಖ್ಯೆಯೊಳಗೆ ಇದೆ. ನನಗೆ ಇದನ್ನು ಮೊದಲು ಹೇಳಿಕೊಟ್ಟಾಗ ಆದ ಖುಷಿ ಇನ್ನೂ ನೆನಪಿದೆ.

ಈಗ ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಮಲ್ಪೆ ಕಡೆಯವರು, ಮೀನು ಮಾರುವವರು. ಸಣ್ಣವರಿದ್ದಾಗ ಬಂದ ಕೀಲುಜ್ವರದಿಂದ ಹೃದಯದ ಕವಾಟ ಹಾಳಾಗಿದೆ. ಅವರ ಕೈಯಲ್ಲಿ ಬೇರೆ ಕಡೆಯ ಒಂದು ರಿಪೋರ್ಟ್ ಇತ್ತು. ಅದರಲ್ಲಿ ಪ್ರೆಷರ್ 46. ಒಂದು ತಿಂಗಳ ನಂತರ ನಮ್ಮಲ್ಲಿ 54 ಬಂತು. ಮಗಳು ಅಳಲು ಶುರು ಮಾಡಿದಳು. "ಮೇಡಂ, ಒಂದೇ ತಿಂಗಳಲ್ಲಿ ಇಷ್ಟು ಏರಿತಾ? ಆಪರೇಷನ್ ಬೇಕಾಗ್ತದಾ?"

ನಾನು ಕಾಗದದ ಹಿಂದೆ ಲೆಕ್ಕ ಮಾಡಿ ತೋರಿಸಿದೆ. ನಮ್ಮಲ್ಲಿ ಸಿಕ್ಕ ವೇಗ 3.4. ಅದರ ವರ್ಗ 11.56. ನಾಲ್ಕರಿಂದ ಗುಣಿಸಿದರೆ 46. ನಾನು ಮೇಲಿನ ಕೋಣೆಯ 8 ಕೂಡಿಸಿದ್ದೆ, ಅದಕ್ಕೆ 54. ಮೊದಲಿನವರು ಅದನ್ನು ಕೂಡಿಸಿಯೇ ಇರಲಿಲ್ಲ. ಹೃದಯ ಅದೇ, ವೇಗವೂ ಅದೇ. ಡಾಕ್ಟರೂ ನೋಡಿ ಹೌದು ಎಂದರು. ಅಮ್ಮ ಆ ಕಾಗದವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಇದು ನನ್ನಿಂದ ಹೇಗೆ ಸಾಧ್ಯ ಆಯಿತು? ಲೆಕ್ಕ ಬಯಲಲ್ಲಿ ಇದ್ದುದರಿಂದ. ಸಂಖ್ಯೆ ಹೇಗೆ ಬಂತು ಎಂದು ಹಿಂದಕ್ಕೆ ಹೋಗಿ ನೋಡಲು ಯಾರ ಅನುಮತಿಯೂ ಬೇಕಿರಲಿಲ್ಲ.

ಈ ಲೆಕ್ಕ ನಂಬಿಕೆಗೆ ಬಂದದ್ದೂ ಹಾಗೆಯೇ. 1970ರ ದಶಕದಲ್ಲಿ ನಾರ್ವೆಯ ಡಾಕ್ಟರ್ ಲಿವ್ ಹಾಟ್ಲೆ ಮತ್ತು ಇಂಜಿನಿಯರ್ ಆಂಗೆಲ್ಸನ್ ಡಾಪ್ಲರ್ ವೇಗದಿಂದ ಕವಾಟದ ಪ್ರೆಷರ್ ಲೆಕ್ಕ ಹಾಕುವ ದಾರಿ ತೋರಿಸಿದರು. 1984ರಲ್ಲಿ ಅಮೆರಿಕದ ಪಾಲ್ ಯಾಕ್ ಮತ್ತು ರಿಚರ್ಡ್ ಪಾಪ್ ಬಲಗಡೆಯ ಲೀಕಿನಿಂದ ತೆಗೆದ ಪ್ರೆಷರನ್ನು ಕೆಥೆಟರ್ ಅಳತೆಯ ಪಕ್ಕ ಇಟ್ಟು ಹೋಲಿಸಿದರು. ಆಮೇಲೆ ಎಷ್ಟೋ ಊರುಗಳ ಡಾಕ್ಟರುಗಳು ತಮ್ಮ ರೋಗಿಗಳಲ್ಲಿ ನೋಡಿದರು. ಎಲ್ಲಿ ತಪ್ಪುತ್ತದೆ ಎಂಬುದೂ ಹೀಗೆಯೇ ತಿಳಿಯಿತು. ಕವಾಟ ಪೂರ್ತಿ ತೆರೆದುಕೊಂಡು ಲೀಕ್ ತುಂಬಾ ಜಾಸ್ತಿ ಇದ್ದರೆ ಪ್ರೆಷರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎದೆಯ ಮೇಲೆ ಇಡುವ ಪ್ರೋಬಿನ ಕೋನ ಸ್ವಲ್ಪ ತಪ್ಪಿ 3.6ರ ಬದಲು 3.4 ಸಿಕ್ಕಿದರೆ ಸಾಕು, ಐದಾರು ಮಿಲಿಮೀಟರ್ ಹೋಯಿತು. ಸೂತ್ರ ಒಬ್ಬರ ಕಪಾಟಿನಲ್ಲಿ ಇದ್ದಿದ್ದರೆ ಈ ತಪ್ಪುಗಳನ್ನು ಯಾರು ಹುಡುಕುತ್ತಿದ್ದರು?

ಆ ಪಾಲ್ ಯಾಕ್ ಅವರಿಗೆ ಪೇಟೆಂಟ್ ಇರಲಿಲ್ಲ ಎಂದುಕೊಳ್ಳಬೇಡಿ. ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ಬಿಡಿಸುವ ಆಂಜಿಯೋಪ್ಲಾಸ್ಟಿಯಲ್ಲಿ ಆ ಬಲೂನನ್ನು ಬೇಗ ಬದಲಾಯಿಸುವ ಕೆಥೆಟರಿಗೆ ಅವರು ಪೇಟೆಂಟ್ ಪಡೆದರು. ಅದು ಕೈಯಲ್ಲಿ ಹಿಡಿಯುವ ವಸ್ತು, ಹೊಸದಾಗಿ ಮಾಡಿದ್ದು. ಅದಕ್ಕೆ ಸಿಗಲೇಬೇಕು. ನನ್ನ ಮಾತು ಇಷ್ಟೇ: ವಸ್ತುವಿಗೆ ಪೇಟೆಂಟ್ ಕೊಡಿ, ವೇಗದಿಂದಲೋ ಸದ್ದಿನಿಂದಲೋ ಪ್ರೆಷರಿಗೆ ಹೋಗುವ ಲೆಕ್ಕಕ್ಕೆ ಬೇಡ.

ನಮ್ಮ ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಗಣಿತದ ವಿಧಾನಕ್ಕೆ, ಅಲ್ಗಾರಿದಮ್‌ಗೆ (ಹಂತ ಹಂತವಾಗಿ ಲೆಕ್ಕ ಮಾಡುವ ಕ್ರಮಕ್ಕೆ) ಪೇಟೆಂಟ್ ಇಲ್ಲ. 3(ಐ) ಪ್ರಕಾರ ಮನುಷ್ಯರ ಚಿಕಿತ್ಸೆಯ, ರೋಗ ಪತ್ತೆಯ ವಿಧಾನಗಳಿಗೂ ಇಲ್ಲ. ಎರಡು ಬಾಗಿಲು, ಎರಡಕ್ಕೂ ಚಿಲಕ.

ಆದರೆ ಚಿಲಕ ಅಷ್ಟು ಗಟ್ಟಿ ಇಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಒಂದು ಕೇಸು ಬಂತು. ಗರ್ಭಿಣಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಪಾಲು ಎಷ್ಟು ಎಂದು ತಿಳಿಯುವ ವಿಧಾನದ್ದು. ಅದು ತಾನಾಗಿ ಯಾವ ರೋಗವನ್ನೂ ಹೇಳುವುದಿಲ್ಲ, ಹಾಗಾಗಿ 3(ಐ) ಅದನ್ನು ತಡೆಯುವುದಿಲ್ಲ ಎಂದು ಕೋರ್ಟ್ ಹೇಳಿತು. ಆ ಕೇಸಿನ ಮಟ್ಟಿಗೆ ಅದು ಸರಿ ಇರಬಹುದು. ಆದರೆ ನನಗೆ ಹೆದರಿಕೆ ಆಗುವುದು ಇಲ್ಲಿಯೇ. 54 ಎಂಬುದೂ ಬರೀ ಒಂದು ಸಂಖ್ಯೆ ಅಲ್ವಾ? ರೋಗ ಏನು ಎಂದು ಹೇಳುವವರು ಡಾಕ್ಟರ್. ನಾಳೆ ಯಾರಾದರೂ "ನಮ್ಮದು ಸಂಖ್ಯೆ ಮಾತ್ರ, ರೋಗ ಪತ್ತೆ ಅಲ್ಲ" ಎಂದು ವಾದಿಸಿದರೆ ಉಳಿಯುವುದು 3(ಕೆ) ಒಂದೇ. ಅಲ್ಲಿಯೂ "ಇದು ಬರೀ ಗಣಿತ ಅಲ್ಲ, ಯಂತ್ರದ ಕೆಲಸ" ಎಂಬ ವಾದ ಬರುತ್ತದೆ.

ಅಮೆರಿಕದಲ್ಲಿ ಇದು ಆ ಕಡೆ ಈ ಕಡೆ ತೂಗಾಡಿದೆ. 1992ರಲ್ಲಿ ಹೃದಯಾಘಾತ ಆದವರ ಇಸಿಜಿ ಸಿಗ್ನಲನ್ನು ಲೆಕ್ಕಕ್ಕೆ ಒಳಪಡಿಸಿ ಅಪಾಯ ಗುರುತಿಸುವ ವಿಧಾನ ಪೇಟೆಂಟ್ ಕಾನೂನಿನ ಒಳಗೆ ಬರುತ್ತದೆ ಎಂದು ಅಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟ್ ಹೇಳಿತು. 2012ರಲ್ಲಿ ಮೇಯೋ ಕೇಸಿನಲ್ಲಿ ಸುಪ್ರೀಂ ಕೋರ್ಟ್, ರಕ್ತದಲ್ಲಿ ಔಷಧದ ಮಟ್ಟ ನೋಡಿ ಡೋಸ್ ಹೊಂದಿಸುವುದು ಪ್ರಕೃತಿಯ ನಿಯಮವೇ, ಅದಕ್ಕೆ ಪೇಟೆಂಟ್ ಇಲ್ಲ ಎಂದಿತು. ಮೇಯೋ ತೀರ್ಪು ನನಗೆ ಸರಿ ಕಾಣುತ್ತದೆ. ರಕ್ತದ ತೂಕದಿಂದ ಬಂದ 4 ಕೂಡ ಪ್ರಕೃತಿಯದ್ದೇ.

ಅಕ್ಕನ ಮಗ ಫೋನಿನಲ್ಲಿ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟ. "ಚಿಕ್ಕಮ್ಮ, ಪೇಟೆಂಟ್ ಮಾಡಿಸಿದ್ರೆ ಸೂತ್ರ ಎಲ್ಲರಿಗೂ ಕಾಣ್ತದೆ. ಮಾಡಿಸದೇ ಇದ್ರೆ ಕಂಪನಿಯವರು ಸಾಫ್ಟ್‌ವೇರ್ ಒಳಗೆ ಮುಚ್ಚಿಡ್ತಾರೆ. ಯಾವುದು ಒಳ್ಳೇದು?"

ಹೌದು, ಈ ಪ್ರಶ್ನೆ ದೊಡ್ಡದು. ಪೇಟೆಂಟ್ ಆದ ಸೂತ್ರವನ್ನು ಓದಬಹುದು. ಸಂಶೋಧನೆಗೆ, ಪಾಠಕ್ಕೆ ಬಳಸಲು ಕಾಯ್ದೆಯ 47ನೇ ಸೆಕ್ಷನ್ ಬಿಡುತ್ತದೆ ಕೂಡ. ಆದರೆ ಆ ಅಮ್ಮನ ರಿಪೋರ್ಟ್ ಸಂಶೋಧನೆ ಅಲ್ಲ, ನನ್ನ ದಿನದ ಕೆಲಸ. ಅಲ್ಲಿ ಬಳಸಲು 20 ವರ್ಷ ಅನುಮತಿ ಕೇಳಬೇಕು. ಮುಚ್ಚಿಡುವುದು ಇನ್ನೂ ಕೆಟ್ಟದ್ದು, ಒಪ್ಪುತ್ತೇನೆ. ಅದಕ್ಕೆ ಮದ್ದು ಪೇಟೆಂಟ್ ಅಲ್ಲ. ವೈದ್ಯಕೀಯ ಸಾಫ್ಟ್‌ವೇರ್ ಈಗ 2017ರ ಮೆಡಿಕಲ್ ಡಿವೈಸ್ ನಿಯಮಗಳ ಕೆಳಗೆ ಬರುತ್ತದೆ. ರೋಗಿಯ ಪ್ರೆಷರ್ ಹೇಳುವ ಯಾವುದೇ ಸಾಫ್ಟ್‌ವೇರ್ ಯಾವ ಅಳತೆಯಿಂದ, ಯಾವ ಲೆಕ್ಕದಿಂದ ಹೇಳಿತು ಎಂದು ತೋರಿಸಲೇಬೇಕು ಎಂದು ಅಲ್ಲಿ ಬರೆಯಲಿ.

ಅವನ ಕಷ್ಟ ನನಗೆ ಗೊತ್ತಿದೆ. ಎರಡು ವರ್ಷದಿಂದ ಸಂಬಳ ಇಲ್ಲದೆ ದುಡಿಯುತ್ತಿದ್ದಾನೆ. ದುಡ್ಡು ಹಾಕುವವರು "ಪೇಟೆಂಟ್ ಎಲ್ಲಿ?" ಎಂದು ಕೇಳುತ್ತಾರಂತೆ. ಅವನಿಗೆ ನಾನು ಹೇಳಿದ್ದು, "ಆ ಮೈಕ್ ನೋಡು ಮಗಾ. ಬಸ್ಸಿನ ಸದ್ದಿನಲ್ಲೂ ಹೃದಯದ ಸದ್ದು ಬೇರೆ ಮಾಡುವ ಹಾಗೆ ಕೂರಿಸಿದ್ದೀಯಲ್ಲ, ಅದು ನಿನ್ನದು. ಬೆವರಿದ ಮೈಗೂ ಅಂಟುವ ಪಟ್ಟಿ ನಿನ್ನದು. ಅದಕ್ಕೆ ಮಾಡಿಸು. ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸು. ಎಲ್ಲಿ ತಪ್ಪಿದೆ ಎಂದು ಹತ್ತು ಜನ ಹೇಳಲಿ."

ಅವನು ಇನ್ನೂ ಹೂಂ ಎಂದಿಲ್ಲ. ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿದರೆ, ಕೆಥೆಟರ್ ಹಾಕುವ ದಿನ ಪಟ್ಟಿಯ ಸಂಖ್ಯೆಯನ್ನೂ ಎಕೋ ಸಂಖ್ಯೆಯನ್ನೂ ಪಕ್ಕ ಪಕ್ಕ ಬರೆದುಕೊಡಲು ನಾನು ತಯಾರು ಎಂದಿದ್ದೇನೆ.

ಎಕೋ ಕೋಣೆಯಲ್ಲಿ ಕೆಲಸ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ರಿಪೋರ್ಟಿನಲ್ಲಿ ಪ್ರೆಷರ್ ಮಾತ್ರ ಬರೆಯಬೇಡಿ. ವೇಗ ಎಷ್ಟು, ಮೇಲಿನ ಕೋಣೆಗೆ ಎಷ್ಟು ಕೂಡಿಸಿದಿರಿ ಎಂದೂ ಬರೆಯಿರಿ. ನಾನು ಆ ಅಮ್ಮ ಬಂದು ಹೋದ ದಿನದಿಂದ ಹಾಗೆ ಬರೆಯುತ್ತಿದ್ದೇನೆ.