ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು

ಲಾರಿಗೆ ಹೆಚ್ಚುವರಿ ದೀಪ ಹಾಕಿಸಿದ ಮೇಲೆ ಫ್ಯೂಸ್ ಪದೇ ಪದೇ ಹೋದರೆ 15 ಆಂಪಿಯರ್‌ನದನ್ನು ತೆಗೆದು 30ರದ್ದು ಹಾಕಿ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಫ್ಯೂಸಿನ ಅಳತೆ ತಂತಿಯ ತಾಳಿಕೆಯನ್ನು ಮೀರಬಾರದು. ಮೀರಿದರೆ ಫ್ಯೂಸ್ ಗಟ್ಟಿಯಾಗಿ ಕುಳಿತಿರುತ್ತದೆ, ತಂತಿಯೇ ಕರಗುತ್ತದೆ.

24 ವೋಲ್ಟ್ ಲಾರಿಯಲ್ಲಿ 70 ವ್ಯಾಟ್‌ನ ನಾಲ್ಕು ದೀಪಗಳು ಎಳೆಯುವುದು ಸುಮಾರು 12 ಆಂಪಿಯರ್. ಅಷ್ಟಕ್ಕೇ 15ರ ಫ್ಯೂಸ್ ಹೋಗುತ್ತಿದೆಯೆಂದರೆ ದೋಷ ಬೇರೆಲ್ಲೋ ಇದೆ. ಎಷ್ಟೋ ಸಲ ಚಾಸಿಯ ತೂತಿನ ಅಂಚಿಗೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರ ಇಣುಕಿ ಚಾಸಿಗೆ ತಾಗುತ್ತಿರುತ್ತದೆ. ಅಲ್ಲಿ ಟೇಪ್ ಸುತ್ತಿ ಕೈತೊಳೆದುಕೊಳ್ಳುವವರೇ ಹೆಚ್ಚು! ತಂತಿ ಬದಲಿಸಿ, ತೂತಿಗೆ ರಬ್ಬರ್ ಗ್ರೊಮೆಟ್ (ಅಂಚು ತಂತಿಗೆ ಉಜ್ಜದಂತೆ ತಡೆಯುವ ಬಳೆ) ಕೂರಿಸಿ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯ ಹತ್ತಿರವೇ ಇರಲಿ. ದೀಪದ ಬಳಿ ಇಟ್ಟರೆ ನಡುವಿನ ಉದ್ದನೆಯ ತಂತಿಗೆ ಕಾವಲೇ ಇರುವುದಿಲ್ಲ.