ಎಯ್ ಉಪ್!

ಇಂಗ್ಲೆಂಡಿನ ಡರ್ಬಿ, ನಾಟಿಂಗ್‌ಹ್ಯಾಮ್, ಶೆಫೀಲ್ಡ್ ಕಡೆ ಪರಿಚಯದವರು ಎದುರಾದರೆ ಹಲೋ ಅನ್ನಲೇಬೇಕೆಂದಿಲ್ಲ. ‘ಎಯ್ ಉಪ್’ ಅಂದರೆ ಸಾಕು. ಅವರೂ ಅದನ್ನೇ ತಿರುಗಿ ಹೇಳಿ ಮುಂದೆ ಹೋಗುತ್ತಾರೆ. ಬರೆಯುವಾಗ ‘ಅಪ್’ ಆದರೂ ಆ ಸೀಮೆಯ ಬಾಯಲ್ಲಿ ಅದು ನಮ್ಮ ಉಪ್ಪಿನ ಉಕಾರಕ್ಕೆ ಹತ್ತಿರ.

ಇರುವುದು ಎರಡೇ ತುಣುಕು, ಉಳಿದ ಕೆಲಸವೆಲ್ಲ ದನಿಯದು. ಮನೆ ಮುಂದೆ ಗೊತ್ತಿಲ್ಲದ ಕಾರು ಬಂದು ನಿಂತಾಗ ಪರದೆ ಸರಿಸಿ ‘ಎಯ್ಯ್... ಉಪ್’ ಎಂದು ಎಳೆದರೆ ‘ಇದ್ಯಾರಪ್ಪ?’ ಎಂದು ಅರ್ಥ. ಏಣಿ ಜಾರುವಾಗ ಗಟ್ಟಿಯಾಗಿ ಕೂಗಿದರೆ ‘ಹುಷಾರು!’ ಜಗಳಕ್ಕೆ ನಿಂತ ಹುಡುಗರಿಗೆ ಹೇಳಿದರೆ ‘ಏನ್ರೋ ಅದು?’ ಇನ್ನು ಬರೀ ಕುಶಲಕ್ಕಾದರೆ, ಎದುರಿಗಿದ್ದವರು ಸುಮ್ನೆ ‘ಚೆನ್ನಾಗಿದ್ದೀನಿ’ ಅಂತ ಸುಳ್ಳು ಹೇಳುವ ಕಷ್ಟವೂ ಇಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಎಲ್ಲಿಂದ ಬಂತು ಈ ಮಾತು? ಅಲ್ಲಿನ ಜನರನ್ನು ಕೇಳಿದರೆ ‘ವೈಕಿಂಗರು ಕೊಟ್ಟದ್ದು’ ಎಂದು ಎದೆಯುಬ್ಬಿಸಿ ಹೇಳುವವರೇ ಹೆಚ್ಚು. ವೈಕಿಂಗರೆಂದರೆ ಈಗಿನ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯಿಂದ ಹಡಗೇರಿ ಬಂದ ಹಳೇ ಕಾಲದ ದಾಳಿಕೋರರು. ಕಥೆಗೆ ಜಾಗವೇನೋ ಸರಿಯಾಗಿದೆ. 866ರಲ್ಲಿ ವೈಕಿಂಗರು ಯಾರ್ಕ್ ನಗರವನ್ನು ಹಿಡಿದರು. ಡರ್ಬಿ ಎಂಬ ಹೆಸರಿನ ಕೊನೆಯ ‘ಬಿ’ ಅವರದೇ, ಊರು ಎಂದರ್ಥ. ಯಾರ್ಕ್‌ನ ಹಳೇ ಬೀದಿಗಳಿಗೆ ‘ಗೇಟ್’ ಎಂದು ಕೊನೆಯಾಗುವ ಹೆಸರುಗಳಿವೆ. ಆ ‘ಗೇಟ್’ ಬಾಗಿಲಲ್ಲ, ವೈಕಿಂಗರ ನುಡಿಯಲ್ಲಿ ಬೀದಿ. ಸ್ವೀಡನ್ನಿನಲ್ಲಿ ಇವತ್ತಿಗೂ ‘ಸೆ ಉಪ್’ ಅಂದರೆ ಹುಷಾರು ಎಂದೇ. ಇನ್ನೇನು ಬೇಕು, ಅಲ್ವಾ?

ಬೇಕು. ಆ ‘ಸ’ ಎಲ್ಲಿ ಹೋಯಿತು? ಸ್ಕೈ, ಸ್ಕಿನ್ ಎರಡೂ ವೈಕಿಂಗರಿಂದಲೇ ಇಂಗ್ಲಿಷಿಗೆ ಬಂದವು. ಅವುಗಳ ‘ಸ’ ಸಾವಿರ ವರ್ಷ ಕಳೆದರೂ ಗಟ್ಟಿಯಾಗಿ ಕೂತಿದೆ. ಇದೊಂದು ಮಾತು ಮಾತ್ರ ಅದನ್ನು ದಾರಿಯಲ್ಲಿ ಬೀಳಿಸಿಕೊಂಡಿತೆ? ಕಿವಿಗೆ ಹೋಲುವುದೇ ಸಾಕ್ಷಿಯಾದರೆ ನಾವು ಕೂಡ ‘ಅದು ನಮ್ಮ ಏಯ್’ ಎಂದು ಅರ್ಜಿ ಹಾಕಬಹುದು. ಆದರೆ ನಮ್ಮಲ್ಲಿ ಮಾವನಿಗೆ ‘ಏಯ್’ ಅಂದವರ ಗತಿ ಬೇರೆ. ಅಲ್ಲಿ ಮಾವನಿಗೂ ‘ಎಯ್ ಉಪ್’ ನಡೆಯುತ್ತದೆ.

ನನಗೆ ಸರಿ ಅನ್ನಿಸುವುದು ಸಪ್ಪೆ ಉತ್ತರವೇ. ಗಮನ ಸೆಳೆಯುವ ಹಳೇ ಕೂಗು ‘ಹೇ’. ಆ ಕಡೆಯವರು ಮೊದಲೇ ‘ಹ’ಕಾರ ನುಂಗುವವರು. ಅದಕ್ಕೆ ‘ಅಪ್’ ಅಂಟಿಕೊಂಡಿತು. ತಲೆ ಎತ್ತು, ಇತ್ತ ನೋಡು ಅನ್ನುವ ಹಾಗೆ. ಇದರಲ್ಲಿ ಹಡಗಿಲ್ಲ, ಕೊಡಲಿಯಿಲ್ಲ. ಹೆಮ್ಮೆಯಿಂದ ಹೇಳಿಕೊಳ್ಳಲು ಇದು ಯಾರಿಗೆ ಬೇಕು!

ಇದರ ಬಾಲವಾಗಿ ಬರುವ ‘ಮಿ ಡಕ್’ ಇನ್ನೂ ಮಜಾ. ‘ನನ್ನ ಬಾತುಕೋಳಿಯೇ’ ಎಂದು! ಅದಕ್ಕೂ ‘ಡ್ಯೂಕ್’ ಪದವಿಯ ಹಳೇ ರೂಪದಿಂದ ಬಂದದ್ದು ಎಂಬ ದೊಡ್ಡಮನೆಯ ವಂಶಾವಳಿ ಹೊಂದಿಸಿಟ್ಟಿದ್ದಾರೆ. ಆದರೆ ಶೇಕ್ಸ್‌ಪಿಯರ್‌ನ ನಾಟಕವೊಂದರಲ್ಲೇ ಪ್ರೇಮಿಯ ಪಾತ್ರ ಹಾಕಿದವನು ನಲ್ಲೆಯನ್ನು ಬಾತುಕೋಳಿ ಎಂದು ಕರೆದು ಗೋಳಾಡುತ್ತಾನೆ. ಮುದ್ದಿನ ಮಾತಿಗೆ ಹಕ್ಕಿಯೇ ಸಾಕಲ್ಲ. ಡರ್ಬಿಗೆ ಹತ್ತಿರದ ಸ್ಟೋಕ್-ಆನ್-ಟ್ರೆಂಟ್ ಊರಿನಲ್ಲಂತೂ ಇದು ಹೆಂಗಸರಿಗೆ ಮಾತ್ರ ಮೀಸಲಲ್ಲ. ಗಡ್ಡದ ಗಂಡಸು ಇನ್ನೊಬ್ಬ ಗಡ್ಡದ ಗಂಡಸನ್ನೂ ಹೀಗೇ ಕರೆಯುತ್ತಾನೆ, ಮತ್ತು ಯಾರೂ ನಗುವುದಿಲ್ಲ.